ಸುಣ್ಣಕ್ಕೆ ಕೆಂಪಾಗದ ಅರಿಶಿನ

"ಮುಟ್ಟಬ್ಯಾಡ ಕಣ್ಲಾ ಕಾಟಪ್ಪ! ಕೈ ಹಿಂದಕ್ಕೆ ತಗಾ!"

ಓಬಳರಾಜು ಕೂಗಿದ ರಭಸಕ್ಕೆ ಪುರವರದ ಹಳೇ ಸ್ಟೇಷನ್ ಮನೆಯ ಸೂರಿನಲ್ಲಿದ್ದ ಪಾರಿವಾಳಗಳೆಲ್ಲ ಒಟ್ಟಿಗೇ ಎದ್ದು, ಒಂದು ಸುತ್ತು ಹಾರಿ, ಮತ್ತೆ ಅಲ್ಲೇ ಬಂದು ಕೂತವು. ಕಾವಲುಗಾರ ಕಾಟಪ್ಪನ ಕೈ ಮಾತ್ರ ಗಾಳಿಯಲ್ಲೇ ನಿಂತುಬಿಟ್ಟಿತು.

ನಿನ್ನೆ ಸಂಜೆಯವರೆಗೂ ಆ ಮೇಜಿನ ಮೇಲೆ ಒಂದು ಹಿತ್ತಾಳೆ ಫಲಕ ಇತ್ತು. ರೈಲು ಡಬ್ಬಿಯ ಬಾಗಿಲ ಪಕ್ಕಕ್ಕೆ ಹೊಡೆಯುವ ನಂಬರ್ ಫಲಕ. ಈಗ ಅದರ ಜಾಗದಲ್ಲಿ ಹೆಬ್ಬೆರಳು ಗಾತ್ರದ ಹಳದಿ ಬಟ್ಟೆಯ ಗಂಟು ಕೂತಿತ್ತು. ಒಳಗೆ ಒಂದು ನಾಣ್ಯ.

ತಪ್ಪುಕಾಣಿಕೆ.

ಮೊದಲು ಗಂಟೆ ಹೋಯಿತು. ಆಮೇಲೆ ಕೈದೀಪ. ಈಗ ಫಲಕ. ಮೂರು ಸಲವೂ ಕಳ್ಳ ಬಿಟ್ಟುಹೋಗಿದ್ದು ಇದನ್ನೇ.

ಓಬಳರಾಜು ಪೊಲೀಸ್ ಕೆಲಸ ಬಿಟ್ಟ ಮೇಲೆ ಮಧುಗಿರಿಯ ಹಿಟ್ಟಿನ ಗಿರಣಿ ಮೇಲೊಂದು ರೂಮು ಹಿಡಿದು, ಹೆಣ್ಣಿನ ಕಡೆಯವರಿಗೆ ಗಂಡಿನ ಚರಿತ್ರೆ ತೆಗೆದುಕೊಡುವ ಪತ್ತೇದಾರಿಕೆ ಮಾಡಿಕೊಂಡಿದ್ದವನು. ಅವನು ಒಂದು ಸಲ ಕೆಮ್ಮಿದರೆ ಮೂರು ತಾಲ್ಲೂಕಿನ ಮದುವೆಗಳು ಮುಂದಕ್ಕೆ ಹೋಗುತ್ತವೆ ಅನ್ನುವ ಮಾತಿತ್ತು. ಎರಡು ಹೆಂಡಿರನ್ನು ಎರಡು ಊರಲ್ಲಿ ಸಾಕುತ್ತಿದ್ದ ಗಂಡನ್ನು ಬರೀ ಅವನ ಚಪ್ಪಲಿ ಸವೆತ ನೋಡಿ ಹಿಡಿದಿದ್ದ. ಕಳೆದುಹೋದ ಎಮ್ಮೆಯನ್ನು ಸಂತೆಯ ಗದ್ದಲದಲ್ಲಿ ಅದರ ಕೆಮ್ಮಿನಿಂದ ಗುರುತಿಸಿದ್ದ. ಆದರೆ ಕದ್ದ ಜಾಗದಲ್ಲಿ ದೇವರಿಗೆ ತಪ್ಪು ಒಪ್ಪಿಸಿ ಹೋಗುವ ಕಳ್ಳನನ್ನು ಈ ಜನ್ಮದಲ್ಲಿ ಕಂಡಿರಲಿಲ್ಲ.

"ನಿನ್ನೆ ಬಾಗ್ಲು ಹಾಕಿದ್ ಮ್ಯಾಲೆ ಯಾರು ಬಂದಿದ್ರು?"

"ಯಾರೂ ಬಂದಿಲ್ಲ ಸಾ."

"ಬೆಳಿಗ್ಗೆ?"

"ಯಾರಂದ್ರೆ ಯಾರೂ ಇಲ್ಲ ಸಾ. ಒಂದ್ ನಾಯಿ ಬಂದಿತ್ತು. ಓಡಿಸ್ದೆ."

ಹೇಳುತ್ತಲೇ ಕಾಟಪ್ಪ ಬಾಯಿ ಒರೆಸಿಕೊಂಡ. ಕಲ್ಲುಬೆಂಚಿನ ಮೇಲೆ ಖಾಲಿಯಾದ ಸ್ಟೀಲ್ ಡಬ್ಬಿ, ಅದರ ಪಕ್ಕ ಒಂದು ಈರುಳ್ಳಿ ಸಿಪ್ಪೆ.

ಬಾಗಿಲ ಹತ್ತಿರ ಯಶಸ್ವಿನಿ ನಿಂತಿರಲಾರದೆ ಅತ್ತಿಂದಿತ್ತ ಓಡಾಡುತ್ತಿದ್ದಳು. ಮಧುಗಿರಿಯ ಕಾಲೇಜೊಂದರಲ್ಲಿ ಚರಿತ್ರೆ ಹೇಳಿಕೊಡುವ ಹುಡುಗಿ. ಈ ಸಾಮಾನೆಲ್ಲ ಹುಡುಕಿ ತಂದು, ಪಾಳು ಬಿದ್ದಿದ್ದ ಈ ಸ್ಟೇಷನ್ ಮನೆಗೆ ಸುಣ್ಣ ಹೊಡೆಸಿ, ಮೇಜು ಜೋಡಿಸಿದವಳು ಅವಳೇ. ಓಬಳರಾಜುವನ್ನು ಕರೆಸಿದವಳೂ ಅವಳೇ.

"ಅಣ್ಣ, ನಾಡಿದ್ದು ಸೋಮವಾರ."

"ಗೊತ್ತು ಕಣಮ್ಮ. ಬೆಳಿಗ್ಗೆಯಿಂದ ನೀವು ಅದನ್ನೇ ಹೇಳ್ತಿದ್ದೀರಿ. ಹೇಳಿದ್ರೆ ಸೋಮವಾರ ಹೆದರ್ಕಂಡು ಮಂಗಳವಾರ ಆಗ್ಬುಡುತ್ತಾ?"

ಅವಳು ನಗಲಿಲ್ಲ. ನಗುವ ವಿಷಯವೂ ಆಗಿರಲಿಲ್ಲ. ಸೋಮವಾರ ಬೆಂಗಳೂರಿನಿಂದ ಆಫೀಸರು ಬರುತ್ತಿದ್ದರು. ಇಲ್ಲಿ ಒಂದು ರೈಲು ಓಡಿತ್ತು ಅನ್ನುವುದಕ್ಕೆ ಕಣ್ಣಿಗೆ ಕಾಣುವ ಗುರುತು ತೋರಿಸಿದರೆ ಸ್ಟೇಷನ್ ಮನೆ ಉಳಿಯುತ್ತದೆ. ತೋರಿಸಲಾಗದಿದ್ದರೆ ಇದು ಬರೀ ಹಳೇ ಗೋಡೆ. ಜೆಸಿಬಿ ಬರುತ್ತದೆ, ಆ ಜಾಗದಲ್ಲಿ ಅಂಗಡಿ ಮಳಿಗೆ ಏಳುತ್ತದೆ.

ಇನ್ನು ಆ ರೈಲಿನ ಮಾತು. ಕೊರಟಗೆರೆಯಿಂದ ಮಧುಗಿರಿ ಹಾಯ್ದು ಪಾವಗಡದ ತನಕ, ನಡುವೆ ಶಿರಾಕ್ಕೊಂದು ಕವಲು ಬಿಟ್ಟು, ತೆವಳಿಕೊಂಡು ಹೋಗುತ್ತಿದ್ದ ಪುಟ್ಟ ರೈಲು. ಜನ ಮುಂದಿನ ಡಬ್ಬಿಯಿಂದ ಇಳಿದು, ಹೊಲಕ್ಕೆ ಹೋಗಿ ಒಂದು ಮಡಿಲು ಕಡಲೆಕಾಯಿ ಕಿತ್ತು, ಹಿಂದಿನ ಡಬ್ಬಿಗೆ ಹತ್ತುತ್ತಿದ್ದರಂತೆ. ಎದುರಿಗೆ ಕುರಿಮಂದೆ ಬಂದರೆ ಕುರಿಗಳು ನಿಲ್ಲುತ್ತಿರಲಿಲ್ಲ, ರೈಲು ನಿಲ್ಲುತ್ತಿತ್ತಂತೆ. ಒಂದು ಸಲ ಮದುವೆ ದಿಬ್ಬಣ ಹತ್ತಿದ ರೈಲು ಊರು ಮುಟ್ಟುವಷ್ಟರಲ್ಲಿ ಹುಡುಗನಿಗೆ ಮೀಸೆ ಬಂದಿತ್ತಂತೆ. ಆಮೇಲೆ ರೈಲು ನಿಂತಿತು. ಹಳಿ ಕಿತ್ತರು. ಕಿತ್ತ ಹಳಿಗಳು ಹಟ್ಟಿಗಳಿಗೆ ತೊಲೆಯಾದವು, ಬಾವಿಗಳಿಗೆ ರಾಟೆ ಕಟ್ಟುವ ಅಡ್ಡೆಯಾದವು. ಈಗ ಅಂಥದ್ದೊಂದು ಇತ್ತು ಅಂದರೆ ಆಫೀಸುಗಳಲ್ಲಿ ನಗುತ್ತಾರೆ.

ಯಶಸ್ವಿನಿಯ ಅಜ್ಜಿ ಮಹಾಲಕ್ಷ್ಮಮ್ಮ ಹುಟ್ಟಿದ್ದೇ ಆ ರೈಲಿನಲ್ಲಿ. ಡ್ರೈವರು ಗಾಡಿ ನಿಲ್ಲಿಸಿ, ಮಗು ಅಳುವವರೆಗೂ ಸಿಳ್ಳೆ ಊದಿದನಂತೆ. ಎಂಬತ್ತಾರು ವರ್ಷದ ಆ ಮುದುಕಿಯನ್ನು ಪುರವರದಲ್ಲಿ ಎಲ್ಲರೂ ರೈಲಜ್ಜಿ ಅಂತಲೇ ಕರೆಯುವುದು. ಬೆನ್ನ ಹಿಂದೆ ಮಾತ್ರ ಅದು ರೈಲು ಬಿಡುವವರ ಮನೆ. ಯಶಸ್ವಿನಿ ಆ ಮಾತು ಕೇಳಿಕೊಂಡೇ ಬೆಳೆದವಳು. ಸ್ಟೇಷನ್ನು ಬಿದ್ದರೆ ಅಜ್ಜಿಯ ಹುಟ್ಟೂ ಕಟ್ಟುಕತೆಯಾಗಿ ಮಣ್ಣು ಸೇರುತ್ತದೆ, ಅದು ಅವಳ ಸಂಕಟ.

"ಬುತ್ತಿ ಯಾರ್ದಲಾ?" ಓಬಳರಾಜು ಸ್ಟೀಲ್ ಡಬ್ಬಿ ಎತ್ತಿ ಮೂಸಿದ.

"ರೈಲಜ್ಜಿದು ಸಾ. ದಿನಾ ಕೊಡ್ತಾರೆ. ಹಣೆ ತುಂಬ ಕುಂಕುಮ, ಕೈ ತುಂಬ ಬಳೆ, ಸಾಕ್ಷಾತ್ ಅನ್ನಪೂರ್ಣೆ ಸಾ."

"ತಾತ ಊರು ಬಿಟ್ಟು ಹೋಗಿ ಎಷ್ಟು ವರ್ಷ ಆಯ್ತೋ," ಯಶಸ್ವಿನಿ ಫೋನ್ ನೋಡುತ್ತಲೇ ಅಂದಳು. "ನಾನಂತೂ ಅವರ ಮುಖ ಕಂಡಿಲ್ಲ. ಇವತ್ತಲ್ಲ ನಾಳೆ ಬರ್ತಾರೆ ಅಂತ ಅಜ್ಜಿ ಇನ್ನೂ ಹೂವು ಮುಡೀತಾರೆ. ಅಣ್ಣ, ಬುತ್ತಿ ಬಿಡಿ, ಗಂಟು ನೋಡಿ!"

ಓಬಳರಾಜು ಜೇಬಿನಿಂದ ಹಳೆಯ ಎರಡು ಗಂಟು ತೆಗೆದು ಹೊಸದರ ಪಕ್ಕ ಇಟ್ಟ. ಮೂರೂ ಹಳದಿ. ಮೂರನ್ನೂ ಕತ್ತರಿ ಹಾಕದೆ ಕೈಯಲ್ಲೇ ಹರಿದಿದ್ದಾರೆ, ಅಂಚಿನಲ್ಲಿ ನೂಲು ಇಳಿಬಿದ್ದಿದೆ. ದೇವರಿಗೆ ಕಟ್ಟುವ ಬಟ್ಟೆಗೆ ಕತ್ತರಿ ಮುಟ್ಟಿಸುವುದಿಲ್ಲ. ಶಾಸ್ತ್ರ ಗೊತ್ತಿದ್ದವರ ಕೆಲಸ.

ಒಂದೊಂದಾಗಿ ಬಿಚ್ಚಿದ. ಎರಡನೆಯದರಲ್ಲಿ, ಮೂರನೆಯದರಲ್ಲಿ ಬರೀ ನಾಣ್ಯ. ಮೊದಲನೆಯದರಲ್ಲಿ ನಾಣ್ಯದ ಜೊತೆ ಒಂದು ಚಿಟಿಕೆ ಕಪ್ಪು ಪುಡಿ. ಮೊದಲ ಸಲ ನೋಡಿದಾಗ ಕಾಡಿಗೆ ಅಂದುಕೊಂಡು ಸುಮ್ಮನಾಗಿದ್ದ. ಈಗ ಬೆರಳಲ್ಲಿ ಉಜ್ಜಿದ. ಕಾಡಿಗೆಯ ಜಿಡ್ಡಿರಲಿಲ್ಲ. ಹರಳು ಹರಳು. ಬಿಸಿಲಿಗೆ ಹಿಡಿದರೆ ಮಿಣಕ್ ಅಂದಿತು.

"ಕಲ್ಲಿದ್ದಲು!"

ಅವನ ಎಡಗಾಲು ತಾನೇ ತಾನಾಗಿ ಅಲುಗಾಡತೊಡಗಿತು. ಏನಾದರೂ ಹೊಳೆದಾಗ ಅದು ಹಾಗೇ.

"ಮೇಡಮ್ನೋರೇ, ಹೋದ ವರ್ಸ ಒಂದು ಗಂಡಿನ ವಿಚಾರಕ್ಕೆ ಪಾವಗಡದಾಚೆ ಗಂಟೆಹಟ್ಟಿ ಅಂತ ಊರಿಗೆ ಹೋಗಿದ್ದೆ. ಆ ಮನೇಲಿ ಗಂಡಸ್ರು ಹೆಂಗಸ್ರು ಎಲ್ರ ಹಣೇಲೂ ಕರೀ ಬೊಟ್ಟು. ಯಾರ್ದೋ ದೃಷ್ಟಿ ಆಗೈತೆ ಅಂದ್ಕಂಡೆ. ಅದು ದೃಷ್ಟಿ ಬೊಟ್ಟಲ್ಲ ಕಣಮ್ಮ, ಇದೇ ಪುಡಿ. ಗಾಡಿ ಹತ್ತಿ!"

ಗಾಡಿ ಅಂದರೆ ಓಬಳರಾಜುವಿನ ಓಮ್ನಿ. ಅದರ ಎಡಗಡೆ ಬಾಗಿಲು ಹೊರಗಿನಿಂದ ಮಾತ್ರ ತೆಗೆಯುತ್ತಿತ್ತು, ಹಾರನ್ ಬಿಟ್ಟು ಮಿಕ್ಕಿದ್ದೆಲ್ಲ ಸದ್ದು ಮಾಡುತ್ತಿತ್ತು. ಮಧುಗಿರಿ ಬೆಟ್ಟ ಬೆನ್ನಿಗೆ ಬಿದ್ದ ಮೇಲೆ ಅವನು ಫೋನನ್ನು ಯಶಸ್ವಿನಿ ಕೈಗೆ ಕೊಟ್ಟು ಶಿರಾದ ಗುಜರಿ ಅಂಗಡಿಯ ಬಷೀರಣ್ಣನಿಗೆ ಮಾಡಿಸಿದ. ಗಂಟೆ, ದೀಪ, ಫಲಕ ಮೂರನ್ನೂ ಅವಳು ಕೊಂಡುತಂದಿದ್ದು ಆ ಅಂಗಡಿಯಿಂದಲೇ.

"ಬಷೀರಣ್ಣ, ಆ ಗಂಟೆ ನಿಮಗೆ ಯಾರು ಮಾರಿದ್ದು?"

"ಅರೆ ಬೇಟಿ, ಪಾವಗಡ ಕಡೆ ಒಬ್ಬ ಪಡ್ಡೆ. ಹೊಸದಾಗಿ ಬೈಕ್ ತಗಂಡಿದ್ದ, ಪೆಟ್ರೋಲ್ಗೆ ಗತಿ ಇರ್ಲಿಲ್ಲ."

"ದೀಪ, ಫಲಕಾನೂ ಅವನೇನಾ?"

"ನಹೀ ನಹೀ. ಅವು ನಮ್ಮ ಅಬ್ಬಾ ಕಾಲದಿಂದ ಮೂಲೆಯಲ್ಲಿ ಬಿದ್ದಿದ್ವು. ಪುರವರದ ಆದ್ಮಿ ಒಬ್ಬ ಕೊಟ್ಟಿದ್ದು ಅಂತ ಅಬ್ಬಾ ಹೇಳ್ತಿದ್ರು. ಇನ್ನೂ ದೊಡ್ಡ ಮಾಲ್ ಐತೆ, ತರ್ತೀನಿ ಅಂತ ಹೇಳಿ ಹೋದೋನು ವಾಪಸ್ಸೇ ಬರ್ಲಿಲ್ಲಂತೆ. ಅಬ್ಬಾ ಸಾಯೋವರೆಗೂ ಬೈಕೋತಿದ್ರು."

ಓಬಳರಾಜು ಅದನ್ನು ಒಂದು ಕಿವಿಯಲ್ಲಿ ಕೇಳಿ ಮನಸ್ಸಿನ ಮೂಲೆಗೆ ತಳ್ಳಿದ. ಅವನ ತಲೆ ತುಂಬ ಕರೀ ಬೊಟ್ಟೇ ಇತ್ತು.

ಪಾವಗಡ ದಾಟಿದ ಮೇಲೆ ಭೂಮಿಯೇ ಬೇರೆ. ಬಂಡೆ, ಜಾಲಿ, ಆಮೇಲೆ ಕಣ್ಣು ಹಾಯುವವರೆಗೂ ಸೋಲಾರ್ ಹಲಗೆಗಳು. ಆಕಾಶವನ್ನೇ ತುಂಡು ತುಂಡು ಮಾಡಿ ಹೊಲಕ್ಕೆ ನೆಟ್ಟ ಹಾಗೆ. ಆ ಹೊಳಪಿನ ನಡುವೆ ಒಂದು ಬೇವಿನಮರ, ನಾಲ್ಕು ಹಂಚಿನ ಮನೆ, ಒಂದು ಮೊಳಕಾಲೆತ್ತರದ ಗುಡಿ. ಅದೇ ಗಂಟೆಹಟ್ಟಿ. ಪುಟ್ಟ ರೈಲಿನ ಹಳಿ ಕಾಯುತ್ತಿದ್ದ ಕೂಲಿಗಳ ಮೊಮ್ಮಕ್ಕಳು ಇರುವ ಜಾಗ. ಆ ರೈಲಿನ ಕಲ್ಲಿದ್ದಲೇ ಅವರಿಗೆ ಪ್ರಸಾದ, ಹಣೆಯ ಬೊಟ್ಟು.

ಬೇವಿನ ಕೊಂಬೆಯಲ್ಲಿ ಗಂಟೆ ತೂಗಾಡುತ್ತಿತ್ತು. ಮೈತುಂಬ ಹೂವು.

"ಅದೇ!" ಯಶಸ್ವಿನಿ ಇಳಿಯಲು ಹೋದಳು. ಬಾಗಿಲು ತೆರೆಯಲಿಲ್ಲ. ಓಬಳರಾಜು ಸುತ್ತಿ ಬಂದು ತೆಗೆಯುವ ಹೊತ್ತಿಗೆ ಗುಡಿಯ ಪೂಜಾರಿ ಅಡವಯ್ಯ ಕಟ್ಟೆಯಿಂದ ಎದ್ದು ನಿಂತಿದ್ದ. ಅರವತ್ತರ ಆಸುಪಾಸಿನ ಆಳು, ಹಣೆಯಲ್ಲಿ ಕರೀ ಬೊಟ್ಟು, ದವಡೆಯಲ್ಲಿ ಎಲೆಅಡಿಕೆ.

"ಗಂಟೆ ಕದ್ದಿದ್ದು ನೀನೇನಾ?" ಓಬಳರಾಜು ಹಳೇ ಪೊಲೀಸ್ ಗಂಟಲು ತೆಗೆದ.

"ಯಾವ ಗಂಟೆನಪ್ಪಾ? ಇಲ್ಲಿ ಗಂಟೆ ಇಲ್ಲ. ಗಂಟೆಯವ್ವ ಅವ್ಳೆ."

"ಮಾತು ತಿರುಗಿಸ್ಬ್ಯಾಡ. ಪುರವರದಿಂದ ಎತ್ಕಂಡ್ ಬಂದೋನು ನೀನೇನಾ?"

"ಹೂಂ, ನಾನೇ." ಅಡವಯ್ಯ ಉಗುಳಿ ಬಂದು ನಿಧಾನಕ್ಕೆ ಹೇಳಿದ. "ನಮ್ಮ ತಂಗಿ ಮಗ ಒಬ್ಬ ಲೋಫರ್ ಅವ್ನೆ. ಅವ್ವನ್ನ ಗುಜರಿಗೆ ಮಾರ್ಕಂಡ. ನೀವು ಗುಜರಿಯಿಂದ ಕೊಂಡ್ಕಂಡ್ರಿ. ನಾನು ಮಾರ್ಲಿಲ್ಲ, ಕೊಳ್ಲಿಲ್ಲ. ಹೋಗಿ ಕರ್ಕಂಡ್ ಬಂದೆ."

"ಹಾಡು ಹಗಲೇ?"

"ನಿಮ್ಮ ಕಾವಲುಗಾರ ಬೆಂಚಿನ ಮೇಲೆ ಗೊರಕೆ ಹೊಡೀತಿದ್ದ. ಎಬ್ಬಿಸಿ ಹೇಳಿ ಬರಾನ ಅಂತ ಅಲುಗಾಡಿಸ್ದೆ. ಅತ್ಲಾಗೆ ಹೊರಳಿ ಮಲಗ್ದ. ಅವ್ವನ್ನ ಟವಲಲ್ಲಿ ಸುತ್ಕಂಡು ಬಸ್ಸು ಹತ್ತಿದೆ. ಕಂಡಕ್ಟರು ಲಗೇಜ್ ಟಿಕೆಟ್ ಹರಿಯಕ್ಕೆ ಬಂದ. ದೇವ್ರಿಗೆ ಲಗೇಜಾ ಅಂತ ಪಾವಗಡದ ತನಕ ಜಗಳ ಆಡ್ಕಂಡೇ ಬಂದೆ."

ಒಳಗಿನಿಂದ ಅವನ ಹೆಂಡತಿ ಮುದ್ದಕ್ಕ ನೀರಿನ ಚೊಂಬು ಹಿಡಿದು ಬಂದಳು. ಆಂಧ್ರದ ಗಡಿ, ಅವಳ ಮಾತಿಗೆ ತೆಲುಗು ಬೆರೆತಿತ್ತು. "ಏಮಿ ಮಾಮಾ, ಬಂದೋರಿಗೆ ಮೊದ್ಲು ನೀರು ಕೊಡ್ಬೇಕಾ, ಕತೆ ಕೊಡ್ಬೇಕಾ? ಕೂತ್ಕಳಮ್ಮ."

ಯಶಸ್ವಿನಿ ಕೂರಲಿಲ್ಲ. "ನೋಡಿ, ಇದು ಬರೀ ನಿಮ್ಮದಲ್ಲ, ನಾಲ್ಕು ತಾಲ್ಲೂಕಿನ ಚರಿತ್ರೆ. ಇದನ್ನ ಉಳಿಸಬೇಕು ಅಂತಲೇ ನಾನು..."

"ಇಷ್ಟು ದಿನ ನಾವೇನು ಮಾಡಿದ್ವಿ ತಾಯೀ?" ಅಡವಯ್ಯನ ದನಿ ಏರಲಿಲ್ಲ. "ರೈಲು ಬರೋ ಹೊತ್ತಿಗೆ ನಮ್ಮ ತಾತ ಈ ಗಂಟೆ ಹೊಡೀತಿದ್ದ. ಅವನು ಹೋದ ಮೇಲೆ ನಮ್ಮಪ್ಪ ಹೊಡ್ದ. ಈಗ ನಾನು. ಒಂದು ದಿನಾನೂ ತಪ್ಸಿಲ್ಲ. ರೈಲು ಬರ್ನಿಲ್ಲ ಅಂದ್ರೆ ಅದು ರೈಲಿನ ತಪ್ಪು, ನಮ್ದಲ್ಲ."

ಓಬಳರಾಜುವಿಗೆ ನಗು ಬಂತು. ಅದನ್ನು ನೀರಿನ ಜೊತೆ ನುಂಗಿದ.

"ಸೋಮವಾರ ಒಂದು ದಿನದ ಮಟ್ಟಿಗೆ ಕೊಡಿ," ಯಶಸ್ವಿನಿ ಬೇಡಿಕೊಂಡಳು. "ಆಫೀಸರಿಗೆ ತೋರಿಸಿ ನಾನೇ ತಂದು ಕಟ್ತೀನಿ. ಇಲ್ಲದಿದ್ರೆ ಸ್ಟೇಷನ್ ಒಡೀತಾರೆ."

"ಅವ್ವನ್ನ ಮತ್ತೆ ಇಳಿಸಕ್ಕಾಗಲ್ಲಮ್ಮ. ಬೇಕಾದ್ರೆ ನಿಮ್ಮ ಆಫೀಸರೇ ಇಲ್ಲಿಗೆ ಬರ್ಲಿ. ಬೊಟ್ಟು ಇಟ್ಟು ಕಳಿಸ್ತೀನಿ."

ಅಲ್ಲಿಗೆ ಗಂಟೆಯ ಆಸೆ ಮುಗಿಯಿತು. ಓಬಳರಾಜು ಮೂರು ಗಂಟನ್ನೂ ಕಟ್ಟೆಯ ಮೇಲೆ ಸಾಲಾಗಿಟ್ಟ. "ಸರಿ, ಗಂಟೆ ನಿನ್ದೇ ಇರ್ಲಿ. ದೀಪ, ಫಲಕ ಎರಡೂ ತೆಗಿ. ಅವೇನು ನಿನ್ನ ದೇವರಲ್ಲವಲ್ಲ."

"ಯಾವ ದೀಪ?"

"ಕದ್ದಲ್ಲೆಲ್ಲ ತಪ್ಪುಕಾಣಿಕೆ ಕಟ್ಟಿ ಬಂದಿದ್ದೀಯಲ್ಲ, ಅದೇ."

ಅಡವಯ್ಯ ಮೂರನ್ನೂ ನೋಡಿದ. "ನಾನು ಕಟ್ಟಿದ್ದು ಒಂದೇ. ಪೂಜೆ ಇಲ್ಲದೆ ಅವ್ವನ್ನ ಮೊಳೆಯಿಂದ ಇಳಿಸಿದ್ದಕ್ಕೆ. ಇದು ನಂದು. ಈ ಎರಡು ನನ್ದಲ್ಲ."

"ಮೂರೂ ಒಂದೇ ಬಣ್ಣ, ಒಂದೇ ಗಂಟು. ನಿನ್ದಲ್ಲ ಅಂದ್ರೆ ಯಾರು ನಂಬ್ತಾರೆ?"

"ನೀನು ನಂಬ್ಬೇಡ. ಸುಣ್ಣ ನಂಬು."

ಪೂಜಾರಿ ಎಲೆಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದ. ಒದ್ದೆ ಸುಣ್ಣವನ್ನು ತೋರುಬೆರಳಿಗೆ ತೀಡಿಕೊಂಡು ಮೊದಲನೇ ಬಟ್ಟೆಯ ಮೇಲೆ ಒತ್ತಿದ. ಹಳದಿ ಬಟ್ಟೆಯ ಮೇಲೆ ಬೆರಳಗಲದ ಕೆಂಪು ಎದ್ದಿತು. ಓಕುಳಿ ನೀರಿನ ಕೆಂಪು.

"ಅರಿಶಿನಕ್ಕೆ ಸುಣ್ಣ ಬಿದ್ರೆ ಕೆಂಪಾಗ್ಲೇಬೇಕು. ಈಗ ನೋಡು."

ಎರಡನೆಯದ್ದಕ್ಕೆ ಒತ್ತಿದ. ಬಿಳಿ ಕಲೆ ಬಿತ್ತು, ಅಷ್ಟೆ. ಮೂರನೆಯದ್ದಕ್ಕೂ ಒತ್ತಿದ. ಅದೂ ಅಷ್ಟೆ. ಹಳದಿ ಹಳದಿಯಾಗೇ ಇತ್ತು.

"ಇದು ಅರಿಶಿನ ಅಲ್ಲ ಕಣಪ್ಪಾ. ಅಂಗಡಿ ಬಣ್ಣ."

ಓಬಳರಾಜುವಿನ ಎಡಗಾಲು ಮತ್ತೆ ಅಲುಗಾಡತೊಡಗಿತು. ಇಬ್ಬರು ಕಳ್ಳರು. ಎರಡನೆಯವನು ಮೊದಲನೆಯವನ ಗಂಟು ನೋಡಿ ನಕಲು ಹೊಡೆದಿದ್ದಾನೆ. ಆದರೆ ಆ ಮೊದಲ ಗಂಟನ್ನು ನೋಡಿದವರು ಯಾರು? ತಾನು, ಕಾಟಪ್ಪ, ಯಶಸ್ವಿನಿ. ಇಷ್ಟೇ ಜನ.

"ದೇವ್ರಲ್ಲಿ ನಂಬಿಕೆ ಇಲ್ದೋನು ಕಟ್ಟಿರೋದು," ಅಡವಯ್ಯ ತೀರ್ಪು ಕೊಟ್ಟ. "ನಿನ್ನ ಕಣ್ಣಿಗೆ ಮಣ್ಣೆರಚಕ್ಕೆ."

"ಚೂಡು ಮಾಮಾ, ನಿನಗೆ ಗಂಟೆ ಹೊಡೆಯೋದೊಂದು ಬಿಟ್ಟು ಇನ್ನೇನೂ ಗೊತ್ತಾಗಲ್ಲ." ಮುದ್ದಕ್ಕ ಕುಕ್ಕರಗಾಲಲ್ಲಿ ಕೂತು ಬಟ್ಟೆಯ ಅಂಚು ಎಳೆದು ನೋಡಿದಳು. "ನಂಬಿಕೆ ಇಲ್ದೋರಾಗಿದ್ರೆ ಕತ್ತರಿ ಹಾಕೋರು. ಇದನ್ನ ಕೈಯಾಗೇ ಹರಿದವ್ರೆ. ಹೊಸಾ ಬಟ್ಟೆನೂ ಅಲ್ಲ, ಉಟ್ಟು ಒಗೆದಿರೋ ಸೀರೆ. ಮೈಮೇಲಿನ ಬಟ್ಟೆ ಹರಿದು ಕಟ್ಟೋದು ಅಂದ್ರೆ ಸಣ್ಣ ತಪ್ಪಿಗಲ್ಲ. ಶಾಸ್ತ್ರ ಎಲ್ಲಾ ಗೊತ್ತು. ಅರಿಶಿನ ಮಾತ್ರ ಮುಟ್ಟಿಲ್ಲ."

"ಅಂದ್ರೆ?"

"ಎಲ್ಲಾ ಗೊತ್ತಿದ್ದೂ ಅರಿಶಿನ ಮುಟ್ಟದೋರು ಯಾರಿರ್ತಾರೆ ಅಣ್ಣಾ? ಗಂಡ ಸತ್ತೋಳು. ನಮ್ಮತ್ತೆ ಕೊನೇ ತನಕ ದೇವರ ಅರಿಶಿನದ ಬಟ್ಲು ಸೋಕಲಿಲ್ಲ. ಬ್ಯಾಡ ಅಂದ್ರೂ ಕೇಳ್ಲಿಲ್ಲ."

ಓಬಳರಾಜು ತಿರುಗಿ ನೋಡಿದ. ಯಶಸ್ವಿನಿ ಮೂರನೇ ಬಟ್ಟೆಯನ್ನು ಯಾವಾಗಲೋ ಎತ್ತಿಕೊಂಡಿದ್ದಳು. ಮುಷ್ಟಿಯೊಳಗೆ ಮುಚ್ಚಿಡಲು ನೋಡುತ್ತಿದ್ದಳು.

"ಏನು ಕಣಮ್ಮ?"

"ಏನೂ ಇಲ್ಲ."

"ಗಂಡುಗಳು ಸುಳ್ಳು ಹೇಳಿದ್ದೇ ಹಿಡೀತೀನಿ. ಹೆಣ್ಮಕ್ಕಳದ್ದು ಹಿಡಿಯಕ್ಕಾಗಲ್ವಾ? ತೋರಿಸಿ."

ಅವಳು ಕೈ ಬಿಚ್ಚಿದಳು. ಬಟ್ಟೆಯ ಒಂದು ತುದಿಯಲ್ಲಿ ನೇರಳೆ ನೂಲಿನ ಎರಡು ಹೊಲಿಗೆ ಇತ್ತು. ಗಮನವಿಟ್ಟು ನೋಡದಿದ್ದರೆ ಕೊಳೆ ಅನ್ನಿಸಬೇಕು.

"ಸೆರಗು ಹರಿದಿತ್ತು. ಹೋದ ದೀಪಾವಳಿಗೆ ನಾನೇ ಹೊಲಿದೆ. ಹಳದಿ ದಾರ ಸಿಗಲಿಲ್ಲ." ಅವಳ ದನಿ ಬಾವಿಯೊಳಗಿಂದ ಬಂದ ಹಾಗಿತ್ತು. "ಇದು ನಮ್ಮಜ್ಜಿ ಸೀರೆ."

ಬೇವಿನಮರದಲ್ಲಿ ಗಂಟೆ ಗಾಳಿಗೆ ಸಣ್ಣಗೆ ಢಣ್ ಅಂದಿತು.

"ಮೊದಲನೇ ಗಂಟು ಸಿಕ್ಕ ದಿನ ಮನೆಗೆ ಹೋಗಿ ಅಜ್ಜಿಗೆ ಹೇಳಿದ್ದೆ. ಹೀಗ್ಹೀಗೆ ಕಟ್ಟಿದ್ರು ಅಂತ ತೋರಿಸಿದ್ದೆ ಕೂಡ." ಥಟ್ಟನೆ ತಲೆಯೆತ್ತಿದಳು. "ಆದ್ರೆ ಅಜ್ಜಿ ಅಲ್ಲ. ಆಗಕ್ಕೆ ಸಾಧ್ಯಾನೇ ಇಲ್ಲ. ಈ ಅಕ್ಕ ಹೇಳಿದ್ರಲ್ಲ, ಗಂಡ ಸತ್ತೋರು ಅಂತ. ನಮ್ಮಜ್ಜಿ ಮುತ್ತೈದೆ! ತಾತ ಊರು ಬಿಟ್ಟಿದ್ದಾರೆ ಅಷ್ಟೆ. ಅಜ್ಜಿ ದಿನಾ ಕುಂಕುಮ ಇಟ್ಕೋತಾರೆ, ಊರೆಲ್ಲ ನೋಡಿದೆ!"

ಮುದ್ದಕ್ಕ ಏಳುತ್ತಾ ಸೀರೆಯ ಧೂಳು ಕೊಡವಿಕೊಂಡಳು. ಅವಳ ಮುಖದಲ್ಲಿ ಈಗ ತಮಾಷೆ ಇರಲಿಲ್ಲ.

"ಊರಿನ ಮುಂದೆ ಏನು ಬೇಕಾದ್ರೂ ಇಟ್ಕಬೌದು ತಾಯೀ. ದೇವರ ಮುಂದೆ ತಪ್ಪು ಒಪ್ಪಿಸ್ವಾಗ ಸುಳ್ಳು ಹಚ್ಚಕ್ಕಾಗುತ್ತಾ?"

ಓಬಳರಾಜು ಆಗಲೇ ಕಾಟಪ್ಪನಿಗೆ ಫೋನ್ ಹಚ್ಚಿದ್ದ. ಅವನ ಬೆರಳಿಗೆ ಅಂಟಿದ ಕಲ್ಲಿದ್ದಲು ಫೋನಿಗೂ ಅಂಟಿತು.

"ಲೇ ಕಾಟಪ್ಪ, ಸ್ಟೇಷನ್ನಿಗೆ ಯಾರಾದ್ರೂ ಬಂದಿದ್ರಾ?"

"ಯಾರೂ ಬಂದಿಲ್ಲ ಸಾ."

"ರೈಲಜ್ಜಿ?"

"ಅಜ್ಜಿ ಇಲ್ಲೇ ಅವ್ರಲ್ಲ ಸಾ. ಮಧ್ಯಾನದ ಮುದ್ದೆ ತಂದವ್ರೆ."

"ಥೂ ನಿನ್ನ! ಯಾರೂ ಬಂದಿಲ್ಲ ಅಂದ್ಯಲ್ಲೋ!"

"ಅಜ್ಜಿ ಯಾರೋ ಆಗ್ತಾರಾ ಸಾ?" ಕಾಟಪ್ಪನಿಗೆ ನಿಜವಾಗಲೂ ಬೇಜಾರಾಗಿತ್ತು. "ಮನೆಯೋರಲ್ವಾ? ದಿನಾ ಬುತ್ತಿ ಬುಟ್ಟಿ ತರ್ತಾರೆ. ನಾನು ಉಂಡು ಕೈ ತೊಳೆಯಕ್ಕೆ ಬೋರ್‌ವೆಲ್ ತಾವ್ಕೆ ಹೋಗಿ ಬರೋಗಂಟ ಒಳಗೇ ಕುಂತಿರ್ತಾರೆ. ಆಮೇಲೆ ಬುಟ್ಟಿ ಎತ್ಕಂಡ್ ಹೋಯ್ತಾರೆ. ಮೊನ್ನೆ ತಾನೇ, ಖಾಲಿ ಬುಟ್ಟಿ ಇಷ್ಟೊಂದು ಭಾರಾನಾ ಅಜ್ಜಿ, ವಯಸ್ಸಾಯ್ತು ನಿಮಗೆ ಅಂತ ನಗಾಡ್ದೆ."

ಓಬಳರಾಜು ಹಣೆಗೆ ಕೈ ಹೊಡೆದುಕೊಂಡ. ಕರೀ ಬೊಟ್ಟು ಮೂಡಿತು.

ಆ ಕಡೆ ಏನೋ ಸದ್ದಾಯಿತು. ಫೋನು ಕೈ ಬದಲಾಯಿತು.

"ಯಾರಪ್ಪಾ, ಓಬಳರಾಜನಾ?" ಮುದಿ ದನಿ, ಆದರೆ ನಡುಕವಿರಲಿಲ್ಲ. "ಗಂಟೆ ಸಿಕ್ತಾ?"

"ಸಿಕ್ತು ಅಜ್ಜಿ."

"ಸುಣ್ಣ ಹಚ್ಚಿ ನೋಡಿದ್ರಾ?"

ಅಜ್ಜಿ ಉತ್ತರಕ್ಕೆ ಕಾಯಲಿಲ್ಲ.

"ನಮ್ ಯಶೂಗೂ ಕೇಳಂಗೆ ಹಿಡಿ."

ಅವನು ಸ್ಪೀಕರ್ ಒತ್ತಿದ. ಯಶಸ್ವಿನಿ ಫೋನಿನ ಹತ್ತಿರ ಬಾಗಿದಳು. "ಅಜ್ಜೀ, ಯಾಕಜ್ಜೀ? ನಿನಗೋಸ್ಕರಾನೇ ತಾನೆ ನಾನು ಇದೆಲ್ಲ..."

"ಗೊತ್ತು ಕಣವ್ವಾ. ದೀಪ, ಫಲಕ ಎರಡೂ ಒಂದೇ ಡಬ್ಬಿದು. ನಾನು ಹುಟ್ಟಿದ ಡಬ್ಬಿದು. ರೈಲು ನಿಂತಾಗ ನಮ್ಮಪ್ಪ ಆ ಡಬ್ಬಿನ ಕೊಂಡು ಎಳೆಸ್ಕಂಡ್ ಬಂದಿದ್ದ. ಆಫೀಸರು ಅವುಗಳ ಮೇಲಿನ ನಂಬರ್ ನೋಡಿದ್ರೆ ಡಬ್ಬಿ ಎಲ್ಲೈತೆ ಅಂತ ಕೇಳದೆ ಬುಡ್ತಾನಾ? ಅದಕ್ಕೇ ಎತ್ಕಂಡೆ."

"ಡಬ್ಬಿ ಇನ್ನೂ ಇದೆಯಾ ಅಜ್ಜೀ?"

ಆ ಪ್ರಶ್ನೆಯಲ್ಲಿ ಯಶಸ್ವಿನಿಯ ಕಣ್ಣು ಹೊತ್ತಿಕೊಂಡಿದ್ದನ್ನು ಓಬಳರಾಜು ಕಂಡ. ಗಂಟೆ ಹೋದರೆ ಹೋಗಲಿ, ದೀಪ ಹೋಗಲಿ. ಇಡೀ ಒಂದು ಡಬ್ಬಿ! ಇನ್ನು ಯಾವ ಆಫೀಸರು ನಗುತ್ತಾನೆ, ಯಾವ ಜೆಸಿಬಿ ಬರುತ್ತದೆ?

"ಐತೆ. ಜಾಲಿ ಮೆಳೆ ಮುಚ್ಕಂಡೈತೆ, ಕಂಡೋರೆಲ್ಲ ಸತ್ತೋದ್ರು, ಎಲ್ಲೈತೆ ಅಂತ ಈಗ ನಂಗೊಬ್ಬಳಿಗೇ ಗೊತ್ತು. ಸೋಮವಾರ ತೋರಿಸ್ತೀನಿ. ಸ್ಟೇಷನ್ನು ಉಳ್ಕಳ್ಳಿ. ನೀನು ಇಷ್ಟು ಒದ್ದಾಡೋದು ನೋಡಕ್ಕಾಗಲ್ಲ. ಓಬಳರಾಜ, ಡಬ್ಬಿ ಬಾಗ್ಲಿಗೆ ನಾನೇ ಬೀಗ ಹಾಕಿದ್ದೀನಿ. ತೆಗೆಯಕ್ಕೆ ಮುಂಚೆ ಪೊಲೀಸ್ನೋರನ್ನ ಕರ್ಕಂಡ್ ಬಾ."

"ಪೊಲೀಸ್ನೋರು ಯಾಕಜ್ಜಿ?"

ಫೋನಿನಲ್ಲಿ ಪಾರಿವಾಳಗಳ ಸದ್ದು ಕೇಳುತ್ತಿತ್ತು. ಬಳೆಗಳ ಸದ್ದೂ. ಒಂದೊಂದಾಗಿ ಬಳೆ ತೆಗೆದು ಮೇಜಿನ ಮೇಲೆ ಇಡುತ್ತಿರುವ ಹಾಗಿತ್ತು.

"ಮೊದ್ಲು ದೀಪ ಎತ್ಕಂಡ್ ಹೋಗಿ ಶಿರಾದಾಗೆ ಮಾರ್ದ. ಆಮೇಲೆ ಫಲಕ ಮಾರ್ದ. ಒಂದಿನ ಡಬ್ಬಿನೇ ಒಡೆದು ಗುಜರಿಗೆ ಹಾಕ್ತೀನಿ ಅಂತ ಸುತ್ತಿಗೆ ತಗಂಡು ಒಳಕ್ಕೆ ಹೋದ."

"ಯಾರು?" ಯಶಸ್ವಿನಿ ಕೇಳಿದಳು. ಉತ್ತರ ಅವಳಿಗೆ ಗೊತ್ತಾಗಿಬಿಟ್ಟಿತ್ತು. "ಆಮೇಲೆ, ಅಜ್ಜೀ?"

"ಆಮೇಲೇನು." ಕೊನೆಯ ಬಳೆಯೂ ಮೇಜಿನ ಮೇಲೆ ಕೂತ ಸದ್ದು. "ನಿಮ್ಮ ತಾತ ಊರು ಬುಟ್ಟು ಹೋಗ್ಲಿಲ್ಲ ಕಣವ್ವಾ."